ಪದಚರ್ಚೆ: ಲೈಟ್ ಗನ್ ಅಂದರೆ ‘ಬೆಳಕಿನ ಬಂದೂಕು’ ಸರಿಯೇ?

ಗೆಳೆಯರಿಗೆ ನಮಸ್ಕಾರ.

ಮಕ್ಕಳ ಪತ್ರಿಕೆಯೊಂದಕ್ಕೆ ಹಳೆಯ ವಿಡಿಯೋ ಗೇಮ್‌ಗಳ ಬಗ್ಗೆ ಬರೆಯುತ್ತಿದ್ದೇನೆ. ವರ್ಚುವಾ ಕಾಪ್ ನೆನಪಿದೆ ಅಲ್ವಾ? ಸೆಗಾ ಕಂಪನಿಯ ಪೊಲೀಸ್ ಆಟ. ಜಪಾನಿನಲ್ಲಿ ಯು ಸುಜುಕಿ ಅವರ ತಂಡ 1994ರಲ್ಲಿ ಅದನ್ನು ಆರ್ಕೇಡ್‌ಗೆಂದು, ಅಂದರೆ ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ಯಂತ್ರಕ್ಕೆಂದು, ಮಾಡಿತು. ಮರುವರ್ಷವೇ ಎರಡನೆಯದು ಬಂತು. ಅಲ್ಲಿ ಪ್ಲಾಸ್ಟಿಕ್ ಪಿಸ್ತೂಲು ಹಿಡಿದು ಆಡುತ್ತಿದ್ದರು. ನಾನು ಆಡಿದ್ದು ಎರಡನೆಯದನ್ನು, ಕಂಪ್ಯೂಟರ್ ಕ್ಲಾಸಿನಲ್ಲಿ, ಬರೀ ಮೌಸ್ ಹಿಡಿದು. ಕಳ್ಳನ ಮೇಲೆ ಬಳೆಯಂಥ ಗುರುತು ಮೂಡುತ್ತಿತ್ತು. ಅದು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುವಷ್ಟರಲ್ಲಿ ಹೊಡೆಯಬೇಕು. ಬಂದೂಕು ಹಿಡಿದ ಕೈಗೇ ಗುರಿಯಿಟ್ಟರೆ ಅವನು ಸಾಯದೆ ಶರಣಾಗುತ್ತಿದ್ದ, ಅದಕ್ಕೆ ಜಾಸ್ತಿ ಅಂಕ. ನಡುವೆ ಓಡಿಬರುವ ಪಾಪದ ಜನರಿಗೆ ತಾಗಿದರೆ ನಮ್ಮದೇ ಒಂದು ಜೀವ ಹೋಗುತ್ತಿತ್ತು.

ನಾನು ಸಿಕ್ಕಿಕೊಂಡಿರುವುದು ಆ ಪಿಸ್ತೂಲಿನ ಹೆಸರಿನಲ್ಲಿ. ಇಂಗ್ಲಿಷಿನವರು ಲೈಟ್ ಗನ್ ಅನ್ನುತ್ತಾರೆ. ಒಂದು ಅನುವಾದದಲ್ಲಿ ‘ಹಗುರ ಬಂದೂಕು’ ಎಂದು ಓದಿದೆ. ಅದು ಕಣ್ತಪ್ಪು, ಬಿಡಿ. ‘ಬೆಳಕಿನ ಬಂದೂಕು’ ಅನ್ನುವುದು ತಟ್ಟನೆ ಹೊಳೆಯುವ ಪದ. ನಾನೂ ಅದನ್ನೇ ಬರೆದಿದ್ದೆ. ಅದು ಕೆಲಸ ಮಾಡುವ ಬಗೆ ವಿವರಿಸಲು ಕೂತಾಗ ಪೆನ್ನು ನಿಂತುಹೋಯಿತು. ನೀರಿನ ಪಿಸ್ತೂಲು ನೀರು ಹಾರಿಸುತ್ತದೆ. ಹಾಗಾದರೆ ಬೆಳಕಿನ ಬಂದೂಕು ಬೆಳಕು ಹಾರಿಸಬೇಕು. ಇದು ಹಾರಿಸುವುದೇ ಇಲ್ಲ. ಟಿವಿಯಿಂದ ಬರುವ ಬೆಳಕನ್ನು ಇದು ಹಿಡಿಯುತ್ತದೆ.

ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಟಿವಿ ಗೇಮ್ ಸೆಟ್ಟಿನ ಜೊತೆ ಬಂದ ಇಂಥದ್ದೊಂದು ಬಂದೂಕಿತ್ತು, ಬಾತುಕೋಳಿ ಹೊಡೆಯುವ ಆಟಕ್ಕೆ. ಕೆಟ್ಟಮೇಲೆ ಸ್ಕ್ರೂ ಬಿಚ್ಚಿ ನೋಡಿದ್ದೆ. ಮೂತಿಯಲ್ಲಿ ಒಂದು ಮಸೂರ, ಅದರ ಹಿಂದೆ ಖಾಲಿ ಕೊಳವೆ, ಕೊಳವೆಯ ಕೊನೆಗೆ ಅವರೆಕಾಳಿನಷ್ಟು ಒಂದು ಸೆನ್ಸರ್. ಅಷ್ಟೇ.

ಆ ಆಟ ನಿಂಟೆಂಡೋದ್ದು, 1984ರದ್ದು. ಅದರಲ್ಲಿ ಗುಂಡಿ ಒತ್ತಿದ ಕೂಡಲೇ ಟಿವಿ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬೀಳುತ್ತದೆ. ಕತ್ತಲೆಯ ಹಿಂದೆಯೇ ಬೆಳಕು ಕಂಡರೆ ಗುರಿ ತಾಗಿತು ಎಂದು ಲೆಕ್ಕ. ಸೆಕೆಂಡಿಗೆ ಸುಮಾರು 60 ಚಿತ್ರ ಓಡುವುದರಿಂದ ನಮಗೆ ಬರೀ ಮಿಣುಕಿದಂತೆ ಕಾಣುತ್ತದೆ. ಅದೇ ವರ್ಷ ಬಂದ ಹೋಗನ್ಸ್ ಆಲಿ, ರಟ್ಟಿನ ಕಳ್ಳರಿಗೆ ಹೊಡೆದು ರಟ್ಟಿನ ಪೊಲೀಸರನ್ನು ಬಿಡಬೇಕಾದ ಆಟ, ಅದಕ್ಕೂ ಇದೇ ಬಂದೂಕು. ವರ್ಚುವಾ ಕಾಪ್ ಕಾಲಕ್ಕೆ ಉಪಾಯ ಇನ್ನೂ ಚೆನ್ನಾಯಿತು. ಹಳೆಯ ದಪ್ಪ ಟಿವಿಯಲ್ಲಿ ಚಿತ್ರವನ್ನು ಒಂದು ಕಿರಣ ಗೆರೆಗೆರೆಯಾಗಿ ಮೇಲಿನಿಂದ ಕೆಳಗೆ ಬರೆಯುತ್ತಿತ್ತಲ್ಲ, ಆ ಕಿರಣ ಮೂತಿಯ ಮುಂದೆ ಹಾದದ್ದು ಯಾವ ಗಳಿಗೆಯಲ್ಲಿ ಅನ್ನುವುದರಿಂದಲೇ ಗುರಿಯ ಜಾಗ ಗೊತ್ತಾಗುತ್ತಿತ್ತು. ಪರದೆಯ ಆಚೆ ಗುರಿಯಿಟ್ಟು ಹೊಡೆದರೆ ಗುಂಡು ತುಂಬಿಕೊಳ್ಳುತ್ತಿದ್ದದ್ದೂ ಇದರಿಂದಲೇ. ಬೆಳಕೇ ಕಾಣದಿದ್ದರೆ ಪರದೆಯ ಆಚೆ ಇದೆ ಎಂದರ್ಥ. ಈಗಿನ ಎಲ್‌ಸಿಡಿ ಟಿವಿಯಲ್ಲಿ ಹಾಗೆ ಬರೆಯುವ ಕಿರಣವಿಲ್ಲ. ಅದರ ಮುಂದೆ ಹಳೆಯ ಬಂದೂಕು ಕುರುಡು.

ನೋಡಿ, ಕುರುಡು ಅನ್ನುವ ಮಾತು ತಾನಾಗಿ ಬಂತು. ಇದು ಕಣ್ಣಿರುವ ಬಂದೂಕು. ಅದಕ್ಕೇ ‘ಕಣ್ಗೋವಿ’ ಅನ್ನಬಹುದೇ ಎಂದು ಕೇಳುತ್ತಿದ್ದೇನೆ. ಕಣ್ + ಕೋವಿ. ಕಣ್ಗಾಪು ಇದ್ದ ಹಾಗೆ.

ಬಂದೂಕು ಬಿಟ್ಟು ಕೋವಿ ಯಾಕೆ ಅಂದರೆ, ಬಂದೂಕು, ತುಪಾಕಿ, ಪಿಸ್ತೂಲು ಎಲ್ಲ ಹೊರಗಿನಿಂದ ಬಂದ ಮಾತುಗಳು. ಬಂದು ನಮ್ಮವೇ ಆಗಿವೆ, ಅದರ ಬಗ್ಗೆ ತಕರಾರಿಲ್ಲ. ಕೋವಿ ಅನ್ನುವುದಕ್ಕೆ ಮಾತ್ರ ಕೊಳವೆ ಅನ್ನುವ ಅರ್ಥವೂ ಇದೆ. ನಾನು ಬಿಚ್ಚಿ ನೋಡಿದ್ದು ಗುಂಡಿಲ್ಲದ, ಮದ್ದಿಲ್ಲದ, ಬರೀ ಕಣ್ಣಿರುವ ಕೊಳವೆ. ಪದ ವಸ್ತುವಿಗೆ ಇಷ್ಟು ಸರಿಯಾಗಿ ಕೂತಾಗ ಬಿಡಲು ಮನಸ್ಸು ಬರುವುದಿಲ್ಲ.

ಒಂದು ಅನುಮಾನ ಇದೆ. ನಾನು ಮಲೆನಾಡಿನವನು. ನಮ್ಮಲ್ಲಿ, ಕೊಡಗಿನಲ್ಲಿ ಕೋವಿ ದಿನದ ಮಾತು. ಚುನಾವಣೆ ಬಂದರೆ ‘ಕೋವಿ ಠೇವಣಿ’ ಎಂದೇ ಪತ್ರಿಕೆಯಲ್ಲಿ ಬರುತ್ತದೆ. ಬಯಲುಸೀಮೆಯ, ಉತ್ತರ ಕರ್ನಾಟಕದ ಮಕ್ಕಳಿಗೆ ಕೋವಿ ಅಂದರೆ ಕೂಡಲೇ ಚಿತ್ರ ಮೂಡುತ್ತದೆಯೇ? ಅಲ್ಲಿಯವರು ಹೇಳಬೇಕು.

ಎಮ್ಯುಲೇಟರ್ ಬಗ್ಗೆಯೂ ಒಂದು ಮಾತು. ಹಳೆಯ ಯಂತ್ರದ ಆಟವನ್ನು ಇಂದಿನ ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶ ಅದು. ಆರ್ಕೇಡ್ ಆಟಗಳಿಗೆಂದು 1997ರಲ್ಲಿ ಬಂದ ಮೇಮ್ ಹೆಸರುವಾಸಿ. ‘ಅನುಕರಣಿ’ ನನಗೆ ಹಿಡಿಸಲಿಲ್ಲ. ಅನುಕರಣೆ ಅಂದರೆ ನೋಡುವವರಿಗೆ ಹಾಗೆ ಕಂಡರೆ ಸಾಕು ಅನ್ನಿಸುತ್ತದೆ. ಇಲ್ಲಿ ನಂಬಿಸಬೇಕಾದದ್ದು ನಮ್ಮನ್ನಲ್ಲ, ಆಟವನ್ನು. ತಾನು ಹಳೆಯ ಯಂತ್ರದೊಳಗೇ ಇದ್ದೇನೆ, ತನ್ನ ಕೋವಿಯೂ ಅಲ್ಲೇ ಇದೆ ಎಂದು ಆಟ ನಂಬಬೇಕು. ಕೋವಿಯ ಜಾಗದಲ್ಲಿ ಮೌಸ್ ಇರಬಹುದು. ಸಿಂಡೆನ್ ಎಂಬ ಹೊಸ ಬಂದೂಕಿನಲ್ಲಿ ಪುಟ್ಟ ಕ್ಯಾಮೆರಾ ಇದೆ, ಚಿತ್ರದ ಸುತ್ತ ಹಾಕಿದ ಬಿಳಿ ಅಂಚನ್ನು ನೋಡಿ ಅದು ಗುರಿ ಲೆಕ್ಕ ಹಾಕುತ್ತದೆ. (ಅದೂ ಕಣ್ಗೋವಿಯೇ.) ಸದ್ಯಕ್ಕೆ ‘ಎಮ್ಯುಲೇಟರ್’ ಎಂದೇ ಇಟ್ಟಿದ್ದೇನೆ. ‘ಹಳೆಯ ಯಂತ್ರ ಹೊಸದರ ಮೈಮೇಲೆ ಬರುತ್ತದೆ’ ಎಂದು ವಿವರಿಸಿದ್ದೇನೆ. ದೈವ ಮೈಮೇಲೆ ಬರುವುದನ್ನು ಕಂಡ ಮಕ್ಕಳಿಗೆ ಇದು ಸುಲಭವಾಗಿ ತಿಳಿಯುತ್ತದೆ ಅಂದುಕೊಂಡೆ.

ರೀಲೋಡ್‌ಗೆ ‘ಗುಂಡು ತುಂಬು’ ಸಾಕು. ಆದರೆ ಟ್ರಿಗರ್? ಮೇಲೆ ‘ಗುಂಡಿ’ ಅಂದು ದಾಟಿಬಿಟ್ಟೆ, ಅದು ಸರಿಯಿಲ್ಲ. ನಮ್ಮಜ್ಜ ಕೇಪಿನ ಕೋವಿ ಹಿಡಿದು ‘ಕುದುರೆ ಎಳೆ’ ಅನ್ನುತ್ತಿದ್ದರು. ಅದು ಮೇಲೆ ಎಳೆದು ನಿಲ್ಲಿಸುವ ಸುತ್ತಿಗೆಗೆ ಅಂದದ್ದೋ, ಬೆರಳಿನಿಂದ ಒತ್ತುವ ಕೊಕ್ಕೆಗೆ ಅಂದದ್ದೋ ಆಗ ಕೇಳಿಕೊಳ್ಳಲಿಲ್ಲ. ಮನೆಯಲ್ಲಿ ಕೋವಿ ಇರುವವರು, ಇದ್ದವರು, ಬೆರಳಿನ ಕೊಕ್ಕೆಗೆ ನಿಮ್ಮಲ್ಲಿ ಏನನ್ನುತ್ತಾರೆ ತಿಳಿಸುತ್ತೀರಾ?