ಅಪ್‌ಡೇಟ್: ಆ ಹದ್ದಿನ ಮುಖದ ಸ್ಲಾಟ್ ಮೆಷಿನ್ ಅಸಲಿಯಾ?

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಒಬ್ಬರು ನಾಣ್ಯ ಹಾಕಿ ಜೂಜಾಡೋ ಹಳೇ ಸ್ಲಾಟ್ ಮೆಷಿನ್ ಮಾರ್ತಿದಾರೆ, ಷಿಕಾಗೋದ ಮಿಲ್ಸ್ ಕಂಪನಿಯ 1931ರ 'ವಾರ್ ಈಗಲ್' (ಮುಂಭಾಗದಲ್ಲಿ ಲೋಹದ ಹದ್ದು ಇರೋ ಮಾದರಿ) ಅಂತಿದಾರೆ, ನಂಬಬಹುದಾ ಅಂತ ಕೇಳಿದ್ದೆ. ದುಡ್ಡು ಕೊಡೋ ಮೊದಲು ಹಿಂದಿನ ಬಾಗಿಲು ತೆಗೆಸಿ ನೋಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಒಳಗಿನ ಯಂತ್ರ ಅಪ್ಪಟ ಮಿಲ್ಸ್. ಮೂರು ರೀಲು, ಅಂದ್ರೆ ತಿರುಗೋ ಚಿತ್ರದ ಚಕ್ರಗಳು, ಒಂದೊಂದರಲ್ಲೂ 20 ಚಿತ್ರ. ಮೇಲ್ಗಡೆ ಗಾಜಿನ ಹಿಂದೆ, ಹಾಕಿದ ನಾಣ್ಯಗಳು ಒಂದರ ಹಿಂದೊಂದು ಸಾಲಾಗಿ ಸರಿದುಹೋಗೋದು ಕಾಣುತ್ತೆ. ಖೋಟಾ ಬಿಲ್ಲೆ ಹಾಕಿದ್ರೆ ಅಂಗಡಿಯವನ ಕಣ್ಣಿಗೆ ಬೀಳಲಿ ಅಂತ ಮಾಡಿದ್ದ ಏರ್ಪಾಡು. ಎಷ್ಟು ಚೆಂದದ ಕೆಲಸ ರೀ!

ಆದರೆ ಮುಂಭಾಗದ ಹದ್ದು ಹೊಸದು. ಗರಿಗಳ ಅಂಚು ಮೊಂಡಾಗಿದೆ, ಒಳಮೈ ಅಲ್ಯೂಮಿನಿಯಂ ಸ್ವಲ್ಪವೂ ಮಾಸಿಲ್ಲ. ಅದನ್ನ ಕೂರಿಸಿರೋ ಸ್ಕ್ರೂಗಳ ತಲೆಯಲ್ಲಿ ಪ್ಲಸ್ ಗುರುತಿದೆ. ಆ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದ ನಡುವೆ. ಪೆಟ್ಟಿಗೆ ಮೇಲಿನ ನಂಬರಿಗೂ ಯಂತ್ರದ ನಂಬರಿಗೂ ತಾಳೆ ಇಲ್ಲ. ಅಂದ್ರೆ ಹಳೇ ಯಂತ್ರಕ್ಕೆ ಹೊಸ ಮುಖ ಹಾಕಿದ್ದಾರೆ. ಇಂಥವು ಮಾರ್ಕೆಟ್ಟಲ್ಲಿ ಬೇಕಾದಷ್ಟಿವೆ.

ಇದನ್ನೆಲ್ಲ ತೋರಿಸಿದ ಮೇಲೆ ಅವರು ರೇಟು ಚೆನ್ನಾಗೇ ಇಳಿಸಿದ್ರು, ತಗೊಂಡೆ. ಕ್ಯಾಲಿಫೋರ್ನಿಯಾದಲ್ಲಿ 25 ವರ್ಷ ದಾಟಿದ ಮೆಷಿನ್ನನ್ನ ಜೂಜಿಗೆ ಬಳಸದಿದ್ರೆ ಮನೆಯಲ್ಲಿ ಇಟ್ಕೋಬಹುದು. ಬೇರೆ ರಾಜ್ಯದಲ್ಲಿರೋರು ನಿಮ್ಮ ಕಾನೂನು ನೋಡ್ಕೊಳ್ಳಿ, ಕೆಲವು ಕಡೆ ಪೂರ್ತಿ ನಿಷೇಧ ಇದೆ.

ಈಗ ಅಸಲಿ ಮುಂಭಾಗ ಹುಡುಕ್ತಿದೀನಿ. ಬಣ್ಣ ಹೋಗಿದ್ರೂ, ಸಣ್ಣ ಬಿರುಕಿದ್ರೂ ಪರವಾಗಿಲ್ಲ. ಎಲ್ಲಾದರೂ ಕಂಡ್ರೆ ದಯವಿಟ್ಟು ತಿಳಿಸಿ.