ಒಬ್ಬರೇ ಇದ್ದಾಗ ದೇವರು ಹತ್ರ ಇದ್ದಾನೆ ಅಂತ ಅನ್ಸೋದೇ ಇಲ್ಲ, ಏನಂತ ಪ್ರಾರ್ಥನೆ ಮಾಡ್ಲಿ?

ಮುಗಿಲಹಕ್ಕಿ
ಎಲ್ಲರಿಗೂ ನಮಸ್ಕಾರ. ಕೆಲಸ ಹೋಯ್ತು, ಅದರ ಹಿಂದೆನೇ ಮನೇಲೂ ಮನಸ್ತಾಪ, ಈಗ ಒಂದು ರೂಮಲ್ಲಿ ಒಬ್ಳೇ ಇದ್ದೀನಿ. ಹಗಲು ಹೇಗೋ ಕಳೆದುಹೋಗುತ್ತೆ, ರಾತ್ರಿ ಮೊಣಕಾಲೂರಿ ಕೂತ್ರೆ ಬಾಯಿಂದ ಮಾತೇ ಹೊರಡಲ್ಲ, ಹೊರಟ್ರೂ "ಕರ್ತನೇ ನನ್ನ ಹತ್ರ ಇರು" ಅಂತ ಅದೊಂದೇ, ಅದೂ ಗೋಡೆಗೆ ಹೇಳ್ದಂಗೆ ಅನ್ಸುತ್ತೆ. ಸಭೆಯವರಿಗೆ ಹೇಳಿದ್ರೆ ಬೈಬಲಿನ ಕೀರ್ತನೆ 34:18 ವಾಟ್ಸಾಪಲ್ಲಿ ಕಳಿಸ್ತಾರೆ, ಮುರಿದ ಮನಸ್ಸಿನವರ ಹತ್ರ ದೇವರಿರ್ತಾನೆ ಅಂತ. ವಾಕ್ಯ ಸುಳ್ಳು ಅಂತಿಲ್ಲ, ಆದ್ರೆ ನಂಗ್ಯಾಕೆ ಹಾಗೆ ಅನ್ಸಲ್ಲ? ನಂಬಿಕೆ ಕಮ್ಮಿ ಆಗಿದ್ಯಾ?

ಬೆಳಕುಬಾಗಿಲು
ಪ್ರೈಸ್ ದ ಲಾರ್ಡ್ ಸಿಸ್ಟರ್. ಕಷ್ಟದಲ್ಲೂ ಸ್ತೋತ್ರ ಹೇಳಿ, ಗೊಣಗಬೇಡಿ. ಇಸ್ರಾಯೇಲ್ಯರು ಅಡವಿಯಲ್ಲಿ ಗೊಣಗಿ ದೇವರ ಶಿಕ್ಷೆಗೆ ಗುರಿಯಾದ್ರು ಅಂತ ಗೊತ್ತಲ್ಲ. ಒಂದು ದಿನ ಉಪವಾಸ ಇದ್ದು ಪ್ರಾರ್ಥನೆ ಮಾಡಿ, ಸಮಾಧಾನ ಸಿಗುತ್ತೆ.

ಹಳೇಓದುಗ
ಬ್ರದರ್ ನಿಮ್ಮ ಉದ್ದೇಶ ಒಳ್ಳೇದೇ, ಆದ್ರೆ ಈ ಗೊಣಗೋ ಮಾತು ಇಲ್ಲಿ ತರಬೇಡಿ. ಅಡವಿಯಲ್ಲಿ ಜನ ದೇವರ ಮೇಲೆ ತಮ್ಮತಮ್ಮಲ್ಲೇ, ತಮ್ಮ ನಾಯಕ ಮೋಶೆ ಹತ್ರ ಗೊಣಗಿದ್ರು. ಕೀರ್ತನೆಗಾರರು ಅದನ್ನ ದೇವರಿಗೇ ನೇರವಾಗಿ ಹೇಳ್ತಾರೆ, ಅದು ಪ್ರಾರ್ಥನೆನೇ.

ಮುಗಿಲಹಕ್ಕಿ ಅವರೇ, ಇವತ್ತು ಕೀರ್ತನೆ 13 ಓದಿ, ಬರೀ 6 ವಚನ. ಮೊದಲ 2 ವಚನದಲ್ಲೇ "ಇನ್ನೆಷ್ಟು ಕಾಲ" ಅಂತ 4 ಸಲ ಕೇಳ್ತಾನೆ ದಾವೀದ, ನನ್ನ ಮರೆತೇಬಿಟ್ಯಾ ಅಂತಾನೂ ಕೇಳ್ತಾನೆ. ಅದಕ್ಕೂ ಮೀರಿದ್ದು ಕೀರ್ತನೆ 88. ಬೇರೆ ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೇಲಿ ಎಲ್ಲೋ ಒಂದು ಕಡೆ ಭರವಸೆಗೆ ತಿರುಗುತ್ತೆ, ಇದು ತಿರುಗೋದೇ ಇಲ್ಲ, ಗೆಳೆಯರನ್ನೆಲ್ಲ ದೂರ ಮಾಡಿಬಿಟ್ಟೆ ಅಂತ ದೇವರಿಗೇ ಹೇಳಿ ಕತ್ತಲಲ್ಲೇ ಮುಗಿಯುತ್ತೆ. ಅಷ್ಟು ಹತಾಶೆ ಇದ್ರೂ ಶುರು ಮಾಡೋದು ಮಾತ್ರ "ನನ್ನನ್ನು ರಕ್ಷಿಸುವ ದೇವರೇ" ಅಂತ ಕರೆದು. ಅದನ್ನ ಬರೆದವನಿಗೂ ದೇವರು ಹತ್ರ ಇದ್ದಾನೆ ಅಂತ ಅನ್ಸಿಲ್ಲ, ಆದ್ರೂ ಕರೆಯೋದು ಬಿಡ್ಲಿಲ್ಲ. ಅದನ್ನ ನಂಬಿಕೆ ಕಮ್ಮಿ ಅಂತ ಯಾರು ಹೇಳ್ತಾರೋ ನೋಡೋಣ.

ಅದೊಂದೇ ಮಾತು ಬರುತ್ತೆ ಅಂದ್ರಲ್ಲ, ಯೇಸು ಗೆತ್ಸೇಮನೆ ತೋಟದಲ್ಲಿ ಮೂರು ಸಲ ಹೋಗಿ ಅದೇ ಮಾತನ್ನೇ ಹೇಳಿ ಪ್ರಾರ್ಥನೆ ಮಾಡ್ದ ಅಂತ ಮತ್ತಾಯ 26ರಲ್ಲಿದೆ. ಜೊತೆಗೆ ಎಚ್ಚರವಾಗಿರಿ ಅಂತ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನ ಕೇಳ್ಕೊಂಡಿದ್ದ, ಅವರು ನಿದ್ದೆ ಹೋದ್ರು. ಶಿಲುಬೆ ಮೇಲೆ ಕೂಗಿದ್ದೂ ಸ್ವಂತ ಹೊಸ ಮಾತಲ್ಲ, ಕೀರ್ತನೆ 22ರ ಮೊದಲ ಸಾಲು, ನನ್ನ ಕೈ ಯಾಕೆ ಬಿಟ್ಟೆ ಅನ್ನೋದು. ನಿಮಗೆ ಮಾತು ಬರ್ಲಿಲ್ಲ ಅಂದ್ರೆ ಅಲ್ಲಿಂದ ಸಾಲ ತಗೊಳ್ಳಿ.

ಕೆರೆದಂಡೆ
ನಾನು ನಿಮ್ಮ ಧರ್ಮದವಳಲ್ಲ, ಬೇಜಾರಿಲ್ಲ ಅಂದ್ರೆ ಒಂದು ಮಾತು. ಭಾಗವತದ 8ನೇ ಸ್ಕಂಧದಲ್ಲಿ ಗಜೇಂದ್ರನ ಕಥೆ ಇದೆಯಲ್ಲ, ಮೊಸಳೆ ಕಾಲು ಹಿಡಿದಾಗ ಜೊತೆಗಿದ್ದ ಆನೆಗಳೂ ಎಳೆದು ನೋಡಿ ಕೈಲಾಗದೆ ಸುಮ್ಮನಾಗ್ತವೆ, ಆಗ ಅವನ ಬಾಯಿಗೆ ಬರೋದು ಹಿಂದಿನ ಜನ್ಮದಲ್ಲಿ ಕಲಿತಿದ್ದ ಸ್ತೋತ್ರ. ಮೇಲಿನವರು ಸಾಲ ತಗೊಳ್ಳಿ ಅಂದಿದ್ದು ಓದಿ ನೆನಪಾಯ್ತು. ಚಿಕ್ಕವರಿದ್ದಾಗ ಬಾಯಿಪಾಠ ಮಾಡಿದ್ದೇನಾದ್ರೂ ಇದ್ರೆ ಅದನ್ನೇ ಹೇಳಿ, ಹೊಸದಾಗಿ ಜೋಡಿಸೋ ತಾಪತ್ರಯ ಇಲ್ಲ.

ನರ್ಸಕ್ಕ
ಉಪವಾಸ ಈಗ ಬೇಡಮ್ಮ, ಸರಿಯಾಗಿ ಊಟ ನಿದ್ದೆ ಮಾಡ್ತಿದ್ಯಾ ಅದು ಹೇಳು ಮೊದಲು. 1 ಅರಸುಗಳು 19 ತೆಗೆದು ನೋಡು, ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾಕು ನನ್ನ ಪ್ರಾಣ ತೆಗೆದುಬಿಡು ಅಂತಾನೆ, ಅವನಿಗೆ ದೇವದೂತ ಉಪದೇಶ ಮಾಡ್ಲಿಲ್ಲ. ಎದ್ದು ಊಟ ಮಾಡು ಅಂದ, ರೊಟ್ಟಿ ನೀರು ಇಟ್ಟಿದ್ದ, ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ಸಿದ. ಹೋರೇಬ್ ಬೆಟ್ಟದಲ್ಲಿ ಗಾಳಿ, ಭೂಕಂಪ, ಬೆಂಕಿ, ಕೊನೆಗೆ ದೇವರ ಆ ಮೆಲ್ಲನೆ ದನಿ ಎಲ್ಲ ಆಮೇಲೆ. ನಾನೊಬ್ನೇ ಉಳಿದಿರೋದು ಅಂತ ಎರಡೆರಡು ಸಲ ಹೇಳ್ತಾನೆ, ಅದಕ್ಕೆ ಉತ್ತರವಾಗಿ ಬಾಳ ಅನ್ನೋ ಬೇರೆ ದೇವರಿಗೆ ಅಡ್ಡಬೀಳದ 7000 ಜನ ಇದ್ದಾರೆ ಅಂತ ದೇವರು ಹೇಳೋದು, ಜೊತೆಗೆ ಎಲೀಷ ಅನ್ನೋ ಶಿಷ್ಯನನ್ನೂ ಕೊಟ್ಟ. ನೀನೂ ಯಾರಾದ್ರೂ ಒಬ್ಬರ ಹತ್ರ ಮಾತಾಡು, ಮೆಸೇಜಲ್ಲಲ್ಲ, ಫೋನ್ ಮಾಡಿ "ವಾಕ್ಯ ಬೇಡ, ಸ್ವಲ್ಪ ಹೊತ್ತು ಕೇಳಿಸ್ಕೊಳ್ಳಿ ಸಾಕು" ಅಂತ ಬಿಡಿಸಿ ಹೇಳು, ಎಷ್ಟೋ ಜನಕ್ಕೆ ಏನು ಮಾಡ್ಬೇಕು ಅಂತ ಗೊತ್ತಿಲ್ದೆ ವಾಕ್ಯ ಕಳಿಸ್ತಾರೆ ಅಷ್ಟೆ. ಬದುಕೋದೇ ಬೇಡ ಅನ್ನೋ ಯೋಚನೆ ಬರ್ತಿದ್ರೆ ತಡ ಮಾಡ್ದೆ ಡಾಕ್ಟರ್ ಹತ್ರ ಹೋಗು, ಪ್ರಾರ್ಥನೆ ಅದಕ್ಕೇನು ಅಡ್ಡ ಬರಲ್ಲ.

ಮುಗಿಲಹಕ್ಕಿ
ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ ಆ ಥರ ಯೋಚನೆ ಇಲ್ಲ, ಆದ್ರೆ ಊಟ ಬಿಡ್ತಿರೋದು ನಿಜ. 88 ಓದ್ದೆ, ಇಂಥದ್ದೂ ಬೈಬಲಲ್ಲಿದೆ ಅಂತ ಗೊತ್ತೇ ಇರ್ಲಿಲ್ಲ. ಒಂದು ಡೌಟು, ಪಕ್ಕದ ರೂಮಿಗೆ ಕೇಳಿಸುತ್ತೆ ಅಂತ ಜೋರಾಗಿ ಹೇಳೋಕಾಗಲ್ಲ, ಮನಸ್ಸಲ್ಲೇ ಹೇಳಿದ್ರೆ ನಡಿಯುತ್ತಾ?

ಹಳೇಓದುಗ
ಧಾರಾಳವಾಗಿ. 1 ಸಮುವೇಲ 1ರಲ್ಲಿ ಹನ್ನ ಅನ್ನೋ ಹೆಂಗಸು ಹಾಗೇ ಮಾಡಿದ್ದು, ತುಟಿ ಮಾತ್ರ ಅಲ್ಲಾಡ್ತಿತ್ತು, ದನಿ ಇರ್ಲಿಲ್ಲ. ಯಾಜಕ ಏಲಿ ನೋಡಿ ಇವಳು ಕುಡಿದಿದ್ದಾಳೆ ಅಂದ್ಕೊಂಡು ಬೈದ. ದೇವರಿಗೆ ಮಾತ್ರ ಸರಿಯಾಗೇ ಕೇಳಿಸಿತ್ತು.