ಮಲಯಾ ಕಾಡಿನ ದಂಗೆಗೆ ಬಂದೂಕು ಎಲ್ಲಿಂದ ಬಂತು?

ಇಪೋ ಕನ್ನಡಿಗ: ಕೆಲಸಕ್ಕೆಂದು ಮಲೇಷ್ಯಾದ ಇಪೋಗೆ ಬಂದು ಎರಡು ವರ್ಷ ಆಯ್ತು. ಆಗಿನ ಮಲಯಾದಲ್ಲಿ 1948ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದ ಕಮ್ಯುನಿಸ್ಟರಿಗೆ ರಷ್ಯಾ, ಚೀನಾದಿಂದ ಬಂದೂಕು ಬರ್ತಿತ್ತು ಅಂತಾರೆ ಆಫೀಸಲ್ಲಿ. ರಬ್ಬರ್ ತೋಟದಲ್ಲಿ ಬೆಳೆದ ಪಕ್ಕದ ಮನೆ ಅಜ್ಜ ಮಾತ್ರ "ಬಿಳಿಯರೇ ಕೊಟ್ಟಿದ್ದು" ಅಂತ ನಗ್ತಾರೆ. ಯಾವುದು ನಿಜ?

ಹಳೇ ಮೇಷ್ಟ್ರು: ಅಜ್ಜನ ಮಾತೇ ಸರಿ. ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ವಿರುದ್ಧ ಹೋರಾಡಲಿ ಅಂತ ಬ್ರಿಟಿಷರ ಗುಪ್ತ ಕಾರ್ಯಾಚರಣೆ ದಳ ಫೋರ್ಸ್ 136 ಇದೇ ಕಮ್ಯುನಿಸ್ಟ್ ಗೆರಿಲ್ಲಾಗಳಿಗೆ ವಿಮಾನದಿಂದ ಆಯುಧ ಇಳಿಸಿತ್ತು. 1945ರ ಡಿಸೆಂಬರಿನಲ್ಲಿ ಆ ಗೆರಿಲ್ಲಾ ಪಡೆ ವಿಸರ್ಜನೆ ಆಯ್ತು, ತಲೆಗೆ 350 ಡಾಲರ್ ಕೊಟ್ಟರು. ಒಂದಷ್ಟು ಆಯುಧ ಒಪ್ಪಿಸಿದರು, ಉಳಿದದ್ದನ್ನು ಕಾಡಲ್ಲಿ ಬಚ್ಚಿಟ್ಟರು. ದಂಗೆಯ ನಾಯಕ ಚಿನ್ ಪೆಂಗ್‌ಗೆ ಓಬಿಇ ಅನ್ನೋ ಬ್ರಿಟಿಷ್ ಗೌರವ ಕೊಟ್ಟವರೂ ಈ ಬ್ರಿಟಿಷರೇ, ಆಮೇಲೆ ತಲೆಗೆ ಬೆಲೆ ಕಟ್ಟಿದವರೂ ಇವರೇ!

ಗಡಿನಾಡು: ಅದೇ ಕಾಲದ ಗ್ರೀಸ್ ಅಂತರ್ಯುದ್ಧದ ಕಥೆ ಉಲ್ಟಾ. ಅಲ್ಲಿನ ಕಮ್ಯುನಿಸ್ಟರಿಗೆ ನೆರೆಯ ಯುಗೊಸ್ಲಾವಿಯಾದಿಂದಲೇ ಹೆಚ್ಚು ನೆರವು. ಸ್ಟಾಲಿನ್ ಜೊತೆ ಜಗಳವಾಗಿ 1949ರ ಜುಲೈನಲ್ಲಿ ಯುಗೊಸ್ಲಾವಿಯಾದ ನಾಯಕ ಟಿಟೊ ಗಡಿ ಮುಚ್ಚಿದ, ಅಕ್ಟೋಬರ್ ಹೊತ್ತಿಗೆ ಯುದ್ಧ ಮುಗೀತು. ಮಲಯಾದವರು ಹೊರಗಿನ ಬಂದೂಕಿಲ್ಲದೆ 12 ವರ್ಷ ಎಳೆದರು.

ಇಪೋ ಕನ್ನಡಿಗ: ಥ್ಯಾಂಕ್ಸ್ ಮೇಷ್ಟ್ರೇ. ಅಜ್ಜನಿಗೆ ಓದಿ ಹೇಳಿದೆ. ಬಂದೂಕಿನ ಸುದ್ದಿ ಬಿಟ್ಟು ಡಬ್ಬಿ ಸುದ್ದಿ ತೆಗೆದರು: ಕಾಡಲ್ಲಿದ್ದ ದಂಗೆಯವರಿಗೆ ಸಾಗಿಸಬಾರದು ಅಂತ ಅಂಗಡಿಯವನು ಮೀನಿನ ಡಬ್ಬಿಗೆ ತೂತು ಹೊಡೆದೇ ಕೊಡ್ತಿದ್ದನಂತೆ. ಮನೆ ಸೇರೋದ್ರೊಳಗೆ ಅರ್ಧ ರಸ ಅಜ್ಜನ ಚಡ್ಡಿ ಮೇಲೆ.